ಡಿಸ್ಕಿಗೆ ಬೀಗ ಹಾಕಿದ ಸಂಕ್ರಾಂತಿ

ಕದಿಯುವಂಥದ್ದು ಏನೂ ಇಲ್ಲದವರಿಗೇ ಕಳ್ಳರ ಚಿಂತೆ ಹೆಚ್ಚು ಎಂಬುದು ನನ್ನ ಅನುಭವ. ಅನುಭವ ಎಂದರೆ ನಾಲ್ಕು ಜನರನ್ನು ನೋಡಿ ಕಲಿತದ್ದಲ್ಲ. ನಾನೇ ಆ ಪಂಗಡದವನು. ಉಳ್ಳವರು ತಿಜೋರಿ ಕೊಂಡು ಅದರ ಮೇಲೊಂದು ಹೂದಾನಿ ಇಟ್ಟು ನೆಮ್ಮದಿಯಾಗಿರುತ್ತಾರೆ. ನಮ್ಮಂಥವರು ಮದುವೆಯ ಕಾಲದ ಕೋಟನ್ನು ಟ್ರಂಕಿನಲ್ಲಿಟ್ಟು ಅದಕ್ಕೆ ಎರಡು ಬೀಗ ಜಡಿಯುತ್ತೇವೆ. ಮನೆಗೆ ಫೋನು ಬಂದ ಹೊಸದರಲ್ಲಿ ಯಾರಾದರೂ ದೂರದ ಊರಿಗೆ ಮಾತಾಡಿಬಿಟ್ಟಾರು ಎಂದು ನಾನು ಅದರ ಡಯಲ್ಲಿಗೆ ಪುಟ್ಟ ಬೀಗವೊಂದನ್ನು ಹಾಕಿ, ಕೀಲಿಯನ್ನು ಯಾರಿಗೂ ಸಿಗದ ಜಾಗದಲ್ಲಿಟ್ಟೆ. ಅದು ನನಗೂ ಸಿಗಲಿಲ್ಲ. ಆರು ತಿಂಗಳು ನಮ್ಮ ಫೋನು ಬರೀ ಕೇಳಿಸಿಕೊಳ್ಳುವ ಫೋನಾಗಿತ್ತು. ಈ ಸ್ವಭಾವದವನ ಕೈಗೆ ಯಾರೂ ಹೊಸ ನಮೂನೆಯ ಬೀಗ ಕೊಡಬಾರದು. ನಮ್ಮ ವಡೋದರಾದ ವಲಯ ಕಚೇರಿಯವರು ಕೊಟ್ಟರು.

ಆಗ ತೊಂಬತ್ತರ ದಶಕದ ನಡುಭಾಗ. ನಾನು ಒಂದು ವಿಮಾ ಕಚೇರಿಯಲ್ಲಿ ಅಧಿಕಾರಿ. ನಾಗಪುರದಿಂದ ಅಹಮದಾಬಾದಿಗೆ ವರ್ಗವಾಗಿ ಬಂದು, ಮಣಿನಗರದಲ್ಲಿ ಮೇಲಿನ ಮಹಡಿಯ ಮನೆ ಹಿಡಿದಿದ್ದೆ. ಮನೆ ಸಿಕ್ಕಿದ್ದೂ ಸುಲಭವಾಗಿ. ನನ್ನ ಅಡ್ಡಹೆಸರು ದೇಸಾಯಿ, ಧಾರವಾಡದ ದೇಸಾಯಿ. ಆದರೆ ಗುಜರಾತಿನಲ್ಲಿ ಕಲ್ಲೆಸೆದರೆ ಒಬ್ಬ ದೇಸಾಯಿಯ ಮೇಲೆ ಬೀಳುತ್ತದೆ. ಮನೆಯ ಮಾಲೀಕರು ಹೆಸರು ಕೇಳಿದ್ದೇ ತಡ, ಗುಜರಾತಿಯಲ್ಲಿ ಹತ್ತು ನಿಮಿಷ ಮಾತಾಡಿ ಕೀಲಿ ಕೊಟ್ಟರು. ಅವರು ಏನು ಹೇಳಿದರೆಂದು ಇವತ್ತಿಗೂ ಗೊತ್ತಿಲ್ಲ. ಬಹುಶಃ ಮೇಲಿನ ಮನೆಗೆ ಬರುವವರು ತಾರಸಿಗೆ ಹೋಗುವವರಿಗೆಲ್ಲ ದಾರಿ ಬಿಡಬೇಕು ಎಂದಿರಬೇಕು.

ಈಗ ಬೀಗದ ವಿಷಯ. ಸೂರತ್ತಿನ ವರಾಛಾದಲ್ಲಿ ನಮ್ಮದೊಂದು ಶಾಖೆ ಇತ್ತು. ವರಾಛಾ ಎಂದರೆ ಓಣಿ ಓಣಿಗೂ ವಜ್ರ ಉಜ್ಜುವ ಕಾರ್ಖಾನೆಗಳು. ಯಾರ ವಜ್ರ ಯಾವ ಮನೆಯ ಯಾವ ಕಪಾಟಿನಲ್ಲಿದೆ ಎಂಬ ವಿವರವೆಲ್ಲ ವಿಮೆಗಾಗಿ ಆ ಶಾಖೆಯ ಕಂಪ್ಯೂಟರಿನಲ್ಲಿತ್ತು. ಒಂದು ದಿನ ಅಲ್ಲಿ ಕಳ್ಳತನವಾಯಿತು. ವಡೋದರಾದಲ್ಲಿ ಹಾಹಾಕಾರ. ನೋಡಿದರೆ ಕಳ್ಳ ಒಯ್ದದ್ದು ಮಾನಿಟರ್ ಮಾತ್ರ. ಪಾಪ, ಟಿ.ವಿ. ಎಂದುಕೊಂಡಿದ್ದ. ಅಷ್ಟೂ ವಜ್ರಗಳ ವಿಳಾಸವಿದ್ದ ಹಾರ್ಡ್ ಡಿಸ್ಕು ಕೆಳಗಿನ ಡಬ್ಬಿಯಲ್ಲಿ ಹಾಗೇ ಕೂತಿತ್ತು. ಅದರ ಮೇಲೆ ಕಾಲಿಟ್ಟು ಅವನು ಕಿಟಕಿ ಹತ್ತಿದ ಗುರುತೂ ಇತ್ತು. ಈ ಸಲ ಬಂದವನು ದಡ್ಡ, ಮುಂದಿನ ಸಲ ಜಾಣ ಬಂದರೆ ಏನು ಗತಿ ಎಂದು ವಲಯ ಕಚೇರಿಯ ಸಾಹೇಬರು ಯೋಚಿಸಿದರು. ಯೋಚನೆ ತಪ್ಪಲ್ಲ. ಎಲ್ಲ ಕಚೇರಿಗಳ ಡಿಸ್ಕುಗಳನ್ನೂ ಎನ್‌ಕ್ರಿಪ್ಟ್ ಮಾಡತಕ್ಕದ್ದು ಎಂದು ಅಪ್ಪಣೆ ಬಂತು. ಡಿಸ್ಕಿನಲ್ಲಿರುವ ಅಕ್ಷರ ಅಕ್ಷರವನ್ನೂ ಕಲಸುಮೇಲೋಗರ ಮಾಡಿಟ್ಟುಬಿಡುವುದು. ಗುಪ್ತಪದ ಕೊಟ್ಟವರಿಗೆ ಮಾತ್ರ ಅದು ಮತ್ತೆ ಅಕ್ಷರವಾಗಿ ಕಾಣುವುದು. ನಮ್ಮ ಕಚೇರಿಯಲ್ಲಿ ಆ ಕೆಲಸ ನನಗೆ ಬಂತು. ಯಾವುದೋ ಕಾಲದಲ್ಲಿ ಒಂದು ವಾರದ ತರಬೇತಿಗೆ ಹೋಗಿ ಊಟ ಮಾಡಿಬಂದವನು ನಾನೊಬ್ಬನೇ ಎಂಬುದು ಕಾರಣ.

ಗುಪ್ತಪದ ಗುಪ್ತವಾಗಿರಬೇಕು ಎಂಬುದನ್ನು ನಮ್ಮ ಕಚೇರಿಗೆ ತಿಳಿಸುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಯಿತು. ಒಂದೇ ಡಬ್ಬಿಯಿಂದ ಹತ್ತು ಜನ ತಿನ್ನುವ, ಒಂದು ಕಪ್ ಚಹಾವನ್ನು ಎರಡು ಸಾಸರಿಗೆ ಹಂಚುವ ಸಂಭಾವಿತ ಜನ ಅವರು. ತನ್ನದು ಎಂದು ಮುಚ್ಚಿಟ್ಟುಕೊಳ್ಳುವುದು ಅವರಿಗೆ ಅಸಹ್ಯ. "ಪ್ರತಿಯೊಬ್ಬರೂ ಯಾರಿಗೂ ಊಹಿಸಲಾಗದ ಒಂದು ಪದವನ್ನು ಆರಿಸಿ" ಎಂದೆ. ಸಂಜೆಯೊಳಗೆ ಒಬ್ಬೊಬ್ಬರೇ ಬಂದು, ಬಾಗಿಲು ಮುಂದೆ ಮಾಡಿ, ನನ್ನ ಕಿವಿಯಲ್ಲಿ ಪಿಸುಗುಟ್ಟಿ ಹೋದರು. ಎಲ್ಲರದೂ "ಜೈ ಶ್ರೀಕೃಷ್ಣ". ಬೆಳಿಗ್ಗೆಯಿಂದ ಸಂಜೆವರೆಗೆ ಫೋನೆತ್ತಿದಾಗ ಒಮ್ಮೆ, ಇಟ್ಟಾಗ ಒಮ್ಮೆ ಇಡೀ ಕಚೇರಿ ಕೂಗುವ ಮಾತು ಅದು. ನಾನು ತಲೆ ಚಚ್ಚಿಕೊಂಡು, ಬದಲಾಯಿಸಿ ಎಂದೆ. ಮರುದಿನ ಎಲ್ಲರೂ ಕೂಡಿ ಚಹಾ ಕುಡಿಯುತ್ತ ಚರ್ಚಿಸಿ, ಸರ್ವಾನುಮತದಿಂದ ಹೊಸದೊಂದನ್ನು ಆರಿಸಿದರು. ಅದನ್ನು ಸೂಚಿಸಿದವನು ಚಹಾ ತಂದವನು.

ಈ ಗದ್ದಲದಲ್ಲಿ ನನಗೊಂದು ಬುದ್ಧಿವಂತಿಕೆ ಹೊಳೆಯಿತು. ಆ ಬೀಗದ ಪ್ರೋಗ್ರಾಮನ್ನು ಮೊದಲು ನಮ್ಮ ಮನೆಯ ಕಂಪ್ಯೂಟರಿನ ಮೇಲೆ ಪ್ರಯೋಗಿಸಿ ನೋಡಬೇಕು. ಕಚೇರಿಯ ಯಂತ್ರ ಕೆಟ್ಟರೆ ಮೇಲಿನವರಿಗೆ ಸಮಜಾಯಿಷಿ ಕೊಡಬೇಕು. ಮನೆಯದು ಕೆಟ್ಟರೆ ಯಾರಿಗೂ ಕೊಡಬೇಕಾಗಿಲ್ಲ ಎಂದು ತಿಳಿದಿದ್ದೆ. ಮದುವೆಯಾಗಿ ಹನ್ನೆರಡು ವರ್ಷವಾದವನು ಹೀಗೆ ತಿಳಿಯಬಾರದು.

ಏಕೆಂದರೆ ಮನೆಯ ಕಂಪ್ಯೂಟರು ಹೆಸರಿಗೆ ನನ್ನದು, ಬಳಸುವವಳು ನನ್ನ ಹೆಂಡತಿ ವಿಮಲಾ. ಭಾನುವಾರ ಬೆಳಿಗ್ಗೆ ನಮ್ಮ ಪಡಸಾಲೆಯಲ್ಲಿ ಅವಳ ಕನ್ನಡ ಶಾಲೆ. ಬ್ಯಾಂಕು, ರೈಲ್ವೆಗಳಲ್ಲಿರುವ ನಮ್ಮವರ ಮಕ್ಕಳು, ಚಾಂದ್‌ಖೇಡಾದಿಂದ ಎರಡು ಬಸ್ಸು ಬದಲಿಸಿ ಬರುವ ಒಂದು ಜೋಡಿ ಅಕ್ಕತಂಗಿಯರು, ಮತ್ತು ನಮ್ಮ ಮಗಳು ಪಲ್ಲವಿ. ಈ ಮಕ್ಕಳು ಕನ್ನಡ ಕೇಳಿದರೆ ಅರ್ಥ ಮಾಡಿಕೊಳ್ಳುತ್ತವೆ, ಉತ್ತರ ಮಾತ್ರ ಗುಜರಾತಿಯಲ್ಲಿ. ಊರಿಂದ ತರಿಸಿದ ಬಾಲಬೋಧೆ ಅವಕ್ಕೆ ಹಿಡಿಸಲಿಲ್ಲ. ಈಳಿಗೆಮಣೆ ಕಂಡಿಲ್ಲ, ಒನಕೆ ಕಂಡಿಲ್ಲ. ಹಾಗಾಗಿ ವಿಮಲಾ ತಾನೇ ಒಂದು ಪುಸ್ತಕ ಬರೆಯಲು ಕೂತಳು. ಅದರಲ್ಲಿ ಒ ಅಂದರೆ ಒಂಟೆಯೇ, ಆದರೆ ನಮ್ಮ ಓಣಿಯಲ್ಲಿ ದಿನವೂ ಗಾಡಿ ಎಳೆಯುವ ಒಂಟೆ. ಛ ಅಂದರೆ ಛಾಸ್, ಊಟದ ಜೊತೆಯ ಮಜ್ಜಿಗೆ. ಕನ್ನಡದ ಪಂಡಿತರೆಲ್ಲ ಶಬ್ದಕ್ಕಾಗಿ ಪರದಾಡುವ ಢ ಅಕ್ಷರಕ್ಕೆ ಅವಳು ಸಲೀಸಾಗಿ ಢೋಕಳಾ ಬರೆದಳು. ಪುಸ್ತಕದ ಹಿಂಭಾಗದಲ್ಲಿ ಸಣ್ಣ ಸಣ್ಣ ಕತೆಗಳು. ಒಂದು ವರ್ಷ, ಮಧ್ಯಾಹ್ನ ಎಲ್ಲರೂ ಮಲಗುವ ಹೊತ್ತಿನಲ್ಲಿ ಕೂತು, ಒಂದೊಂದೇ ಅಕ್ಷರ ಹುಡುಕಿ ಒತ್ತಿ ಟೈಪು ಮಾಡಿದ್ದಳು. ಯುಗಾದಿಗೆ ವಡೋದರಾದ ಕನ್ನಡ ಸಂಘದವರು ಅಚ್ಚು ಹಾಕಿಸುವುದೆಂದು ಮಾತಾಗಿತ್ತು.

"ನಿನ್ನ ಪುಸ್ತಕಾನೂ ಎನ್‌ಕ್ರಿಪ್ಟ್ ಮಾಡ್ತೀನಿ, ವಿಮಲಾ. ಯಾರೂ ಕದಿಯೂಹಂಗಿಲ್ಲ" ಎಂದೆ.

"ಅಲ್ರೀ, ನನ್ನ ಅ ಆ ಇ ಈ ಯಾರು ಕದೀತಾರ?"

"ಯಾರರೆ ತಮ್ಮ ಹೆಸರು ಹಾಕ್ಕೊಂಡು ಅಚ್ಚು ಹಾಕಿಸಿಬಿಟ್ರ? ಈಗಿನ ಕಾಲ ಸರಿ ಇಲ್ಲ. ಮುಗಿಯೂತನಕ ಯಾರಿಗೂ ಕೊಡಬ್ಯಾಡ."

ಅಷ್ಟರಲ್ಲಿ ಪಕ್ಕದ ಮನೆಯ ಜಸುಬೆನ್ ಬಂದರು. ವಿಷಯವೇನೆಂದು ಕೇಳಿ, ಕಂಪ್ಯೂಟರಿನ ಪರದೆಯ ಮೇಲಿದ್ದ ಕನ್ನಡವನ್ನು ಎರಡು ನಿಮಿಷ ದಿಟ್ಟಿಸಿ, ಬೀಗ ಆಗಲೇ ಹಾಕಿಯಾಗಿದೆಯಲ್ಲ ಎಂದು ಹಿಂದಿಯಲ್ಲಿ ಹೇಳಿದರು. ವಿಮಲಾ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ಭದ್ರತೆಯ ವಿಷಯದಲ್ಲಿ ಹೆಂಗಸರು ನಗುವುದನ್ನು ನಾನು ಮೊದಲಿನಿಂದಲೂ ಮೆಚ್ಚಿದವನಲ್ಲ.

ಆ ಪ್ರೋಗ್ರಾಮಿನ ಜೊತೆ ಬಂದ ಸೂಚನೆಗಳನ್ನು ನಾನು ಎರಡು ಸಲ ಓದಿದೆ. ಬೇಕಾದ ಕಡತಗಳಿಗಷ್ಟೇ ಬೀಗ ಹಾಕಬಹುದು, ಅದಕ್ಕೆ ಕೆಲವು ನಿಮಿಷ ಸಾಕು. ಇಲ್ಲವೇ ಇಡೀ ಡಿಸ್ಕಿಗೆ ಹಾಕಬಹುದು, ಅದಕ್ಕೆ ಹಗಲೆಲ್ಲ ಬೇಕು. ಸಾಮಾನ್ಯ ಬುದ್ಧಿ ಇರುವವನು ಮೊದಲನೆಯದನ್ನು ಆರಿಸುತ್ತಾನೆ. ಆದರೆ ಮನೆಯ ಒಂದು ಕೋಣೆಗೆ ಬೀಗ ಹಾಕಿ ತಲೆಬಾಗಿಲು ತೆರೆದಿಡುವುದು ನನ್ನ ರಕ್ತದಲ್ಲಿಲ್ಲ. ಇಡೀ ಡಿಸ್ಕು ಎಂದೆ. ಆ ಡಿಸ್ಕಿನಲ್ಲಿ ವಿಮಲಾಳ ಪುಸ್ತಕ ಒಂದು ಮೂಲೆಯಲ್ಲಿತ್ತು, ಪಲ್ಲವಿಯ ಹಾವಿನಾಟ ಇನ್ನೊಂದು ಮೂಲೆಯಲ್ಲಿತ್ತು, ಮಿಕ್ಕದ್ದೆಲ್ಲ ಖಾಲಿ. ಆ ಖಾಲಿ ಜಾಗವನ್ನೂ ಕಳ್ಳರಿಂದ ಕಾಪಾಡಲು ನಾನು ಸೊಂಟ ಕಟ್ಟಿದೆ. ಇನ್ನೆರಡು ಎಚ್ಚರಿಕೆಗಳಿದ್ದವು. ಮೊದಲು ಎಲ್ಲದಕ್ಕೂ ಒಂದು ಪ್ರತಿ ತೆಗೆದಿಡಿ. ಕೆಲಸ ನಡೆಯುವಾಗ ಕರೆಂಟು ಹೋಗದಂತೆ ನೋಡಿಕೊಳ್ಳಿ.

ಪ್ರತಿಯನ್ನು ದೊಡ್ಡ ತೆಳು ಫ್ಲಾಪಿಗಳಲ್ಲಿ ತೆಗೆದಿಟ್ಟೆ. ಕರೆಂಟಿನ ಬಗ್ಗೆ ವೈಜ್ಞಾನಿಕವಾಗಿ ವಿಚಾರ ಮಾಡಿದೆ. ಯಾವ ದಿನ ಊರಿನಲ್ಲಿ ಕರೆಂಟು ಅತ್ಯಂತ ಕಡಿಮೆ ಖರ್ಚಾಗುತ್ತದೆ? ಮಿಲ್ಲು ಮುಚ್ಚಿರಬೇಕು, ಕಚೇರಿ ಮುಚ್ಚಿರಬೇಕು, ಚಳಿಗಾಲವಾಗಿದ್ದು ಫ್ಯಾನು ತಿರುಗುತ್ತಿರಬಾರದು, ಜನ ಮನೆಯೊಳಗೇ ಇರಬಾರದು. ಇವೆಲ್ಲ ಕೂಡುವ ದಿನ ಅಹಮದಾಬಾದಿನಲ್ಲಿ ಒಂದೇ: ಸಂಕ್ರಾಂತಿ. ಅವರು ಉತ್ತರಾಯಣ ಎನ್ನುತ್ತಾರೆ. ಗಾಳಿಪಟ ಹಾರಿಸಲು ಇಡೀ ಊರು ತಾರಸಿಯ ಮೇಲಿರುತ್ತದೆ, ಕೆಳಗೆ ನಾನು ಮತ್ತು ನಿಶ್ಶಬ್ದ. ಹಿಂದಿನ ವರ್ಷ ಆ ದಿನ ನಾವು ರಜೆಯ ಮೇಲೆ ಧಾರವಾಡದಲ್ಲಿದ್ದೆವು. ಸಂಕ್ರಾಂತಿ ಎಂದರೆ ನನಗೆ ಗೊತ್ತಿದ್ದದ್ದು ಎಣ್ಣೆ ಸ್ನಾನ, ಮಾದಲಿಯ ಊಟ, ಮಧ್ಯಾಹ್ನದ ನಿದ್ದೆ. ನನ್ನ ಲೆಕ್ಕಾಚಾರವನ್ನು ಯಾರಾದರೂ ಸ್ಥಳೀಯರನ್ನು ಕೇಳಿದ್ದರೆ ಚೆನ್ನಾಗಿತ್ತು. ಆದರೆ ಬೀಗ ಹಾಕುವ ದಿನವನ್ನು ಊರಿಗೆಲ್ಲ ಸಾರುವುದು ಭದ್ರತೆಗೆ ವಿರುದ್ಧ.

ಆ ದಿನ ಬೆಳಕು ಹರಿಯುವ ಮೊದಲೇ ನಿಶ್ಶಬ್ದ ಹೋಯಿತು. ನಮ್ಮ ತಾರಸಿಯ ಮೇಲೆ ಒಂದು ಧ್ವನಿವರ್ಧಕ, ಎದುರಿನ ತಾರಸಿಯಲ್ಲಿ ಅದರ ಅಪ್ಪನಂಥದ್ದು. ನಮ್ಮ ಬಾಗಿಲ ಮುಂದೆ ಜನವೋ ಜನ. ಜಸುಬೆನ್ನರ ನಾದಿನಿಯರು, ಅವರ ಮಕ್ಕಳು, ಆ ಮಕ್ಕಳ ಸ್ನೇಹಿತರು, ಪಾತ್ರೆ ತುಂಬ ಹಬ್ಬದ ಉಂಧಿಯು ಪಲ್ಯ ಹೊತ್ತವರು. ಹೋಗುವವರೆಲ್ಲ ನಮ್ಮಲ್ಲಿ ನೀರು ಕೇಳಿದರು. ಕುಡಿಯುವಾಗ ಪರದೆಯನ್ನು ನೋಡಿ ಇದೇನೆಂದು ಕೇಳಿದರು. ನಾನು ಎನ್‌ಕ್ರಿಪ್ಷನ್ನನ್ನು ಆ ದಿನ ವಿವರಿಸಿದಷ್ಟು ಸಲ ಯಾವ ಪ್ರೊಫೆಸರನೂ ವಿವರಿಸಿರಲಾರ. ಒಬ್ಬ ಅಜ್ಜಿ ಮಾತ್ರ ಏನೂ ಕೇಳದೆ, ಯಂತ್ರ ಅಷ್ಟು ಹೊತ್ತಿನಿಂದ ಗುರುಗುಟ್ಟುವುದನ್ನು ಕೇಳಿ, ಅದಕ್ಕೆ ಹುಷಾರಿಲ್ಲವೇ ಎಂದು ಮರುಗಿ ಹೋದರು. ವಿಮಲಾ ಮತ್ತು ಪಲ್ಲವಿ ಎಂದೋ ಮೇಲೆ ಹೋಗಿದ್ದರು. "ಕಾಪ್ಯೋ ಛೇ!" ಎಂದು, ಬೇರೆಯವರ ಪಟ ಕತ್ತರಿಸಿದಾಗಲೆಲ್ಲ, ಊರೆಲ್ಲ ಕೂಗುತ್ತಿತ್ತು. ಅದರಲ್ಲಿ ಒಂದು ಧ್ವನಿ ನನ್ನ ಹೆಂಡತಿಯದು.

ಮಧ್ಯಾಹ್ನದ ಹೊತ್ತಿಗೆ ಅರ್ಧಕ್ಕೂ ಹೆಚ್ಚು ಕೆಲಸವಾಗಿತ್ತು. ಪರದೆಯ ಮೇಲಿನ ಪಟ್ಟಿ ಬಸವನ ಹುಳುವಿನಂತೆ ಸಾಗುತ್ತಿತ್ತು. ಸುಮ್ಮನೆ ಕೂತವನ ಕಣ್ಣು ಮೇಜಿನ ಮೇಲಿದ್ದ ಫ್ಲಾಪಿಗಳ ಮೇಲೆ ಬಿತ್ತು. ಒಳಗೆ ಇಷ್ಟು ಘನವಾದ ಬೀಗ ಬೀಳುತ್ತಿದೆ, ಅದೇ ಪುಸ್ತಕದ ಪ್ರತಿ ಇಲ್ಲಿ ಬೀಗವಿಲ್ಲದೆ ಬಿದ್ದಿದೆ! ನೀರು ಕುಡಿಯಲು ಬಂದವರಲ್ಲಿ ಒಬ್ಬರು ಎತ್ತಿಕೊಂಡು ಹೋದರೆ? ಇಡೀ ದಿನದ ಶ್ರಮ ಮಣ್ಣುಪಾಲು. ಕೆಲಸ ಮುಗಿದ ಮೇಲೆ ಅಳಿಸಬಹುದಿತ್ತು. ಆದರೆ ದಕ್ಷತೆ ಎಂದರೆ ಒಂದು ಕೆಲಸ ನಡೆಯುವಾಗ ಇನ್ನೊಂದನ್ನು ಮುಗಿಸುವುದು ಎಂದು ಆ ತರಬೇತಿಯಲ್ಲಿ ಹೇಳಿದ್ದರು. ವಿಮಲಾಳ ಹೊಲಿಗೆಯ ಕತ್ತರಿ ತಂದು ಒಂದೊಂದೇ ಫ್ಲಾಪಿಯನ್ನು ಕತ್ತರಿಸಿದೆ. ಹಪ್ಪಳ ಕತ್ತರಿಸಿದ ಹಾಗೆ ಚೆನ್ನಾಗಿ ಕತ್ತರಿಸುತ್ತವೆ. ಕೊನೆಯದನ್ನು ನಾಲ್ಕು ತುಂಡು ಮಾಡಿ ಕೆಳಗಿಟ್ಟು ತಲೆಯೆತ್ತಿದೆ. ಆಗ ಕಿಟಕಿಯಾಚೆ ಏನೋ ಚಟಾರೆಂದಿತು. ಧ್ವನಿವರ್ಧಕಗಳು ಒಟ್ಟಿಗೆ ನಿಂತವು. ಪರದೆ ಕಪ್ಪಾಯಿತು.

ಕಂಬದ ತಂತಿಗೆ ಸಿಕ್ಕಿದ್ದ ಗಾಳಿಪಟವನ್ನು ಯಾರೋ ಮಹಾನುಭಾವ ಜೋರಾಗಿ ಎಳೆದಿದ್ದ. ತಂತಿಗೆ ತಂತಿ ತಾಗಿತ್ತು. ಆ ನಿಶ್ಶಬ್ದದಲ್ಲಿ, ನನಗೆ ಬೆಳಿಗ್ಗೆಯಿಂದ ಬೇಕಾಗಿದ್ದ ಅದೇ ನಿಶ್ಶಬ್ದದಲ್ಲಿ, ತಾರಸಿಯಿಂದ ಜಸುಬೆನ್ ನಗುತ್ತ ಹೇಳುವುದು ಕೇಳಿಸಿತು: ಲೈಟು ಹೋಗದಿದ್ದರೆ ಅದೆಂಥ ಉತ್ತರಾಯಣ?

ವಿಮಲಾ ಕೆಳಗಿಳಿದು ಬಂದಳು. ಬಿಸಿಲಿಗೆ ಮುಖ ಕೆಂಪಾಗಿತ್ತು, ಬೆರಳಿಗೆ ದಾರ ಕೊಯ್ದು ಪಟ್ಟಿ ಸುತ್ತಿಕೊಂಡಿದ್ದಳು, ಅಷ್ಟು ಸಂತೋಷವಾಗಿದ್ದುದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ಕೈಯಲ್ಲಿ ತಟ್ಟೆ. "ಬೆಳಿಗ್ಗಿಂದ ನಿಮಗ ಕೊಟ್ಟೇ ಇಲ್ಲ ನೋಡ್ರಿ. ಕುಸುರೆಳ್ಳು ತಗೊಂಡು ನಾವು ನೀವು ಕುಸುರೆಳ್ಳಿನಂಗ ಇರೂಣು" ಎಂದು ನನ್ನ ಕೈಗೆ ಹಾಕುವಾಗ ಅವಳ ಕಣ್ಣು ನೆಲದ ಮೇಲಿನ ತುಂಡುಗಳ ಮೇಲೆ ಬಿತ್ತು. ಆಮೇಲೆ ಕತ್ತರಿಯ ಮೇಲೆ. ಆಮೇಲೆ ಪರದೆಯ ಮೇಲೆ.

"ಪುಸ್ತಕ?" ಎಂದಳು.

ಸಂಜೆ ಕರೆಂಟು ಬಂದ ಮೇಲೆ ಯಂತ್ರ ಹಚ್ಚಿದೆ. ಗುಪ್ತಪದ ಕೇಳಿತು, ಕೊಟ್ಟೆ. ಸರಿ ಎಂದಿತು. ಒಳಗೆ ಹೋದರೆ ಡಿಸ್ಕಿನ ಅರ್ಧ ಬೀಗದೊಳಗೆ, ಅರ್ಧ ಹೊರಗೆ, ಎಲ್ಲಿಗೆ ನಿಲ್ಲಿಸಿದ್ದೆನೆಂದು ಅದಕ್ಕೇ ನೆನಪಿಲ್ಲ. ಢೋಕಳಾ ಇರಬೇಕಾದ ಕಡೆ ಪ್ರಪಂಚದ ಯಾವ ಭಾಷೆಯೂ ಅಲ್ಲದ ಗುರುತುಗಳು. ಎಷ್ಟು ಹೆಣಗಿದರೂ ಒಂದು ಪುಟ ಓದುವ ಹಾಗೆ ಬರಲಿಲ್ಲ. ಕಡೆಗೆ ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ಮಾಡಬೇಕಾಯಿತು. ಖಾಲಿ ಜಾಗ ಮಾತ್ರ ಇದ್ದಂತೆಯೇ ಸುರಕ್ಷಿತವಾಗಿ ಉಳಿಯಿತು.

ವಿಮಲಾ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹೊತ್ತಿಗೆ ಸರಿಯಾಗಿ ಊಟ ಬಡಿಸಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಮಧ್ಯಾಹ್ನ ಕಂಪ್ಯೂಟರಿನ ಕೋಣೆಗೆ ಹೋಗದೆ ಅಡಿಗೆಮನೆಯ ಕಿಟಕಿಯ ಹತ್ತಿರ ಕೂತಿರುತ್ತಿದ್ದಳಂತೆ, ಪಲ್ಲವಿ ಹೇಳಿದಳು. ನನಗೆ ನಾಚಿಕೆಯಾಯಿತು. ಸುತ್ತಿ ಬಳಸಿ ಹೇಳುವುದೇಕೆ, ಅಳುವೇ ಬಂತು. ಒಂದು ದಿನ ತಡೆಯಲಾರದೆ, "ನಾನs ಕೂತು ಮತ್ತ ಟೈಪ್ ಮಾಡ್ತೀನಿ, ನೀ ಹೇಳ್ಕೋತ ಹೋಗು" ಎಂದೆ.

"ದಸರಾತನಕ ಬರದದ್ದು ವಡೋದರಾದಾಗ ಅದ. ಶಾಂತಾಬಾಯಿ ಕುಲಕರ್ಣಿಯವರ ಕಡೆ" ಎಂದಳು.

"ಯಾರಿಗೂ ಕೊಡಬ್ಯಾಡ ಅಂದಿದ್ನೆಲ್ಲ?"

"ಅಂದಿದ್ರಿ. ಅದಕ್ಕs ನಿಮಗ ಹೇಳಲಿಲ್ಲ."

ತಪ್ಪು ತಿದ್ದಿಕೊಡಲೆಂದು ಅವಳು ಫ್ಲಾಪಿಗಳನ್ನು ಸಂಘದ ಶಾಂತಾಬಾಯಿಯವರಿಗೆ ಕಳಿಸಿದ್ದಳು. ಕಳಿಸಿದ್ದು ಜಸುಬೆನ್ನರ ತಮ್ಮ ಭರತ್‌ಭಾಯಿಯ ಕೈಯಲ್ಲಿ. ಇಲ್ಲಿ ದಿನವೂ ಬೆಳಿಗ್ಗೆ ರೈಲು ಹತ್ತಿ ವಡೋದರಾಕ್ಕೆ ಕೆಲಸಕ್ಕೆ ಹೋಗಿ ಸಂಜೆ ಮರಳುವವರಿದ್ದಾರೆ. ಅದಕ್ಕೆ ಅಪ್‌ಡೌನ್ ಮಾಡುವುದು ಎನ್ನುತ್ತಾರೆ. ಉಪ್ಪಿನಕಾಯಿ, ಔಷಧ, ಜಾತಕ, ಕನ್ನಡಕ, ಏನು ಕೊಟ್ಟರೂ ಒಯ್ದು ಮುಟ್ಟಿಸುತ್ತಾರೆ. ರಶೀದಿ ಇಲ್ಲ, ಬೀಗ ಇಲ್ಲ. ಶಾಂತಾಬಾಯಿ ಅದನ್ನು ತಮ್ಮ ಯಂತ್ರಕ್ಕೆ ಹಾಕಿಕೊಂಡು, ತಿದ್ದಿ, ಸೂರತ್ತಿನ ಮಕ್ಕಳಿಗೂ ಇರಲಿ ಎಂದು ಅಲ್ಲಿಗೂ ಒಂದು ಪ್ರತಿ ಕಳಿಸಿದ್ದರು. ನಾನು ಕಾವಲು ಕೂತಿದ್ದ ಆ ಹೊತ್ತಿಗೆ ಅರ್ಧ ಗುಜರಾತಿನಲ್ಲಿ ನನ್ನ ಹೆಂಡತಿಯ ಪುಸ್ತಕ ಓಡಾಡುತ್ತಿತ್ತು.

ಆದರೆ ದಸರೆಯಿಂದೀಚೆಗೆ ಬರೆದ ಕತೆಗಳು ಹೋದದ್ದು ಹೋದವೇ. ಅವು ಅವಳಿಗೆ ಎಲ್ಲಕ್ಕಿಂತ ಇಷ್ಟವಾದವು, ಭಾನುವಾರಗಳಲ್ಲಿ ಮಕ್ಕಳಿಗೆ ಓದಿ ಹೇಳಿದಂಥವು. ಮುಂದಿನ ಭಾನುವಾರ ಅವಳು ಮಕ್ಕಳನ್ನು ಕೂರಿಸಿಕೊಂಡು, "ಆ ಗಾಡಿ ಎಳಿಯೂ ಒಂಟಿ ಕತಿ ನಿಮಗ ಯಾರಿಗೆ ನೆನಪದ?" ಎಂದು ಕೇಳಿದಳು. ಎಲ್ಲರಿಗೂ ನೆನಪಿತ್ತು. ಚಾಂದ್‌ಖೇಡಾದ ಅಕ್ಕ ಶುರು ಮಾಡಿದಳು, ತಂಗಿ ತಡೆದಳು, ಪಲ್ಲವಿ ಇಬ್ಬರನ್ನೂ ಬೈದಳು. "ನಹೀಂ, ಒಂಟಿ ಪಹಲೇ ಛಾಸ್ ಕುಡೀತು, ಪಛೀ ಓಡಿಹೋಯ್ತು!" ಅವೇ ಮಕ್ಕಳು, ಕನ್ನಡದಲ್ಲಿ ಬಾಯಿ ಬಿಡದ ಮಕ್ಕಳು, ಕತೆ ತಪ್ಪಾಗಬಾರದೆಂದು ಒಂದರ ಮೇಲೊಂದು ಬಿದ್ದು ಕನ್ನಡದಲ್ಲಿ ಜಗಳವಾಡಿದವು. ವಿಮಲಾ ಟೈಪು ಮಾಡಿದಳು. ಮೊದಲಿಗಿಂತ ಚೆನ್ನಾಗಿದೆ ಎಂದಳು. ಇದರಲ್ಲಿ ನನ್ನ ಪಾಲೂ ಸ್ವಲ್ಪ ಇದೆ ಎಂದು ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಆಕಳಿಸಿದೆ.

ಇತ್ತ ನಾನು ವಲಯ ಕಚೇರಿಗೆ ಒಂದು ವರದಿ ಬರೆದೆ. ಇಡೀ ಡಿಸ್ಕಿಗೆ ಬೀಗ ಬೇಡ, ಬೇಕಾದ ಕಡತಗಳಿಗಷ್ಟೇ ಸಾಕು. ಕೆಲಸ ಮುಗಿದು ತೆರೆದು ನೋಡುವವರೆಗೆ ಪ್ರತಿಯನ್ನು ನಾಶ ಮಾಡಕೂಡದು. ಪ್ರತಿ ಬೇರೆ ಊರಿನಲ್ಲಿದ್ದರೆ ಇನ್ನೂ ಉತ್ತಮ. ಸಾಹೇಬರಿಗೆ ಬಹಳ ಹಿಡಿಸಿತು. ಇಷ್ಟು ಆಳವಾಗಿ ಯೋಚಿಸಿದ ಇನ್ನೊಬ್ಬ ಅಧಿಕಾರಿ ವಲಯದಲ್ಲೇ ಇಲ್ಲವೆಂದು ಹೇಳಿ, ಎಲ್ಲ ಶಾಖೆಗಳವರ ಮುಂದೆ ಈ ವಿಷಯದ ಮೇಲೆ ಮಾತಾಡಲು ನನ್ನನ್ನು ವಡೋದರಾಕ್ಕೆ ಕರೆದರು. ಅದೇ ಹೊತ್ತಿಗೆ ವಿಮಲಾಳ ಪುಸ್ತಕವೂ ಮುಗಿದು, ಅಚ್ಚಿಗೆ ಹೋಗಲು ತಯಾರಾಗಿತ್ತು. "ಹೆಂಗೂ ಹೊಂಟೀನಿ, ಫ್ಲಾಪಿ ನಾನs ಶಾಂತಾಬಾಯಿಯವರಿಗೆ ಮುಟ್ಟಿಸ್ತೀನಿ" ಎಂದೆ. "ಇರ್ಲಿ ಬಿಡ್ರಿ, ನಿಮಗ್ಯಾಕ ತ್ರಾಸು" ಎಂದಳು.

ಬೆಳಿಗ್ಗೆ ಮಣಿನಗರದಲ್ಲಿ ರೈಲು ಹತ್ತಿದರೆ ಎದುರಿಗೇ ಭರತ್‌ಭಾಯಿ. ಅಪ್‌ಡೌನ್ ಮಂಡಳಿ ಆಗಲೇ ಬ್ರೀಫ್‌ಕೇಸ್ ಅಡ್ಡಲಾಗಿಟ್ಟು ಇಸ್ಪೀಟು ಹಾಕುತ್ತಿತ್ತು. ಭರತ್‌ಭಾಯಿಯ ತೊಡೆಯ ಮೇಲೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೇಲೆ ನಮ್ಮ ಮನೆಯ ಟವೆಲ್ಲು ಕಟ್ಟಿದ ಒಂದು ಪೊಟ್ಟಣ. ಕನ್ನಡದ ಒಂದಕ್ಷರ ಬಾರದ ಮನುಷ್ಯ ಅದನ್ನು ಮಗುವಿನಂತೆ ಹಿಡಿದಿದ್ದರು. ಎಲೆಗಳು ಕೈಗೆ ಬಂದಾಗ ಆಡಲು ತೊಂದರೆಯಾಯಿತು. ನಾನು ಸೌಜನ್ಯದಿಂದ ಕೈ ಚಾಚಿ, "ಕೊಡಿ ಭರತ್‌ಭಾಯಿ, ನಾನು ಹಿಡ್ಕೊಳ್ತೀನಿ" ಎಂದು ಹಿಂದಿಯಲ್ಲಿ ಹೇಳಿದೆ. ಅವರು ಪೊಟ್ಟಣವನ್ನು ಎದೆಗೊತ್ತಿಕೊಂಡು, ಬಹಳ ಸಂಕೋಚದಿಂದ, "ಖೋಟು ನಾ ಲಗಾಡ್ತಾ, ದೇಸಾಯಿಭಾಯಿ. ಭಾಭೀಏ ನಾ ಪಾಡೀ ಛೇ" ಎಂದರು. ಬೇಸರ ಮಾಡಿಕೊಳ್ಳಬೇಡಿ, ಅತ್ತಿಗೆ ಬೇಡ ಎಂದಿದ್ದಾರೆ. ಆಮೇಲೆ ಅದನ್ನು ಪಕ್ಕದಲ್ಲಿ ಕೂತಿದ್ದ, ಆಗಷ್ಟೇ ದಾರಿಯ ನಡಿಯಾದ್ ನಿಲ್ದಾಣದಲ್ಲಿ ಹತ್ತಿದ, ನಮ್ಮಿಬ್ಬರಿಗೂ ಪರಿಚಯವಿಲ್ಲದ ಒಬ್ಬರ ಕೈಗೆ ಕೊಟ್ಟು ಎಲೆ ಹಾಕಿದರು. ಆ ಗೃಹಸ್ಥರು ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ನನ್ನನ್ನು ಅನುಮಾನದಿಂದ ನೋಡತೊಡಗಿದರು. ನಾನು ಕಿಟಕಿಯ ಕಡೆ ಸರಿದು ಕೂತು, ಡೇಟಾ ಅಪಾತ್ರರ ಕೈಗೆ ಹೋಗದಂತೆ ಕಾಯುವುದು ಹೇಗೆ ಎಂಬ ನನ್ನ ಭಾಷಣವನ್ನು ಇನ್ನೊಮ್ಮೆ ಓದಿಕೊಂಡೆ.